ಸರ್ವರಿನ ಬಲಾಬಲ ಪರೀಕ್ಷೆ

ಅಂತಿಮ ಬಿ.ಎ. ವಿದ್ಯಾರ್ಥಿಯ ಲೇಖನ

"ಸರ್ವರ್ ಇಲ್ಲ" ಎಂಬ ಎರಡು ಶಬ್ದಗಳನ್ನು ಕೇಳದವರು ಇಂದು ನಮ್ಮ ಜಿಲ್ಲೆಯಲ್ಲಿ ಯಾರೂ ಇರಲಾರರು. ಸಿರುಗುಪ್ಪದ ರೈತನು ಪಹಣಿಗೆಂದು ಹೋದಾಗ, ಕುರುಗೋಡಿನ ಮುದುಕಿಯು ಪಡಿತರದ ಅಕ್ಕಿಗಾಗಿ ಹೆಬ್ಬೆಟ್ಟು ಒತ್ತಲು ನಿಂತಾಗ, ಬಳ್ಳಾರಿಯ ವಿದ್ಯಾರ್ಥಿಯು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುತ್ತಿರುವಾಗ ಈ ಮಾತು ಕೇಳಿಬರುತ್ತದೆ. ಮಳೆ ಇಲ್ಲ, ಕಾಲುವೆಯಲ್ಲಿ ನೀರಿಲ್ಲ ಎಂಬಂತೆಯೇ ನಮ್ಮ ಜನರು ಇದನ್ನೂ ದೈವಾಧೀನವೆಂದು ತಿಳಿದು ಒಂದು ದಿನದ ಕೂಲಿಯನ್ನು ಕಳೆದುಕೊಂಡು ಮನೆಗೆ ಮರಳುತ್ತಾರೆ. ಸರ್ವರ್ ಎಂದರೆ ಏನು, ಅದು ಏಕೆ ಇಲ್ಲವಾಯಿತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಕಿಟಕಿಯ ಆಚೆ ಕುಳಿತವರಿಗೆ ಉತ್ತರ ತಿಳಿದಿರುವುದಿಲ್ಲ.

ಆದರೆ ಸರ್ವರ್ ಮಳೆಯಲ್ಲ. ಮನುಷ್ಯನು ಮಾಡಿದ ಯಂತ್ರ. ಅದರ ಬಲವೆಷ್ಟು, ಅದರ ಮೇಲೆ ಬಿದ್ದಿರುವ ಹೊರೆಯೆಷ್ಟು ಎಂಬುದನ್ನು ಹತ್ತು ನಿಮಿಷಗಳಲ್ಲಿ ಅಳೆದು ಹೇಳಬಹುದು. ಆ ಅಳತೆಯ ಕ್ರಮವನ್ನು ಸಹಪಾಠಿಗಳಿಗೆ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡ ನನ್ನ ವಿಷಯಗಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿಯೂ ನಾನೇ ಮೊದಲಿಗ. ಆದುದರಿಂದ ನನಗೆ ಅರ್ಥವಾದ ಈ ವಿಷಯ ಯಾರಿಗಾದರೂ ಅರ್ಥವಾಗಬಲ್ಲದು ಎಂಬ ಧೈರ್ಯ ನನಗುಂಟು. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಅವರ ಮಿತ್ರರು 1918ರಷ್ಟು ಹಿಂದೆಯೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ನಡೆಸಿ, ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿಕೊಟ್ಟಿದ್ದಾರೆ. ಅವರು ಹಾಕಿದ ದಾರಿಯಲ್ಲಿ ಇದೊಂದು ಚಿಕ್ಕ ಹೆಜ್ಜೆ.

1. ಸರ್ವರ್ ಎಂದರೇನು?

ಅನ್ಯ ಗಣಕಯಂತ್ರಗಳು ಕೇಳಿದ್ದನ್ನು ಹುಡುಕಿ ಕೊಡುವ ಗಣಕಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದು ನಮ್ಮ ಕಾಲೇಜಿನ ಕೊಠಡಿಯಲ್ಲಿರುವ ಯಂತ್ರಗಳಿಗಿಂತ ಬೇರೆ ಜಾತಿಯದೇನಲ್ಲ. ಅದಕ್ಕೂ ಪ್ರೊಸೆಸರ್ ಉಂಟು, ಮೆಮೊರಿ ಉಂಟು, ಡಿಸ್ಕ್ ಉಂಟು. ಭೇದವೇನೆಂದರೆ ಅದರ ಎದುರಿಗೆ ಯಾರೂ ಕುಳಿತಿರುವುದಿಲ್ಲ. ಬಹುಮಟ್ಟಿಗೆ ಪರದೆಯೂ ಇರುವುದಿಲ್ಲ. ತಂಪಾದ ಕೋಣೆಯೊಂದರಲ್ಲಿ ಕಬ್ಬಿಣದ ಚೌಕಟ್ಟಿನೊಳಗೆ ಕುಳಿತು ಹಗಲಿರುಳೂ ದೂರದವರ ಕೋರಿಕೆಗಳಿಗೆ ಉತ್ತರ ಕೊಡುತ್ತಿರುತ್ತದೆ.

ನಮ್ಮ ನಾಡಿನಲ್ಲಿ ಈ ಯಂತ್ರವು ರೈತನ ಬದುಕನ್ನು ಹೊಕ್ಕದ್ದು 'ಭೂಮಿ' ಯೋಜನೆಯಿಂದ. ಈ ಶತಮಾನದ ಆರಂಭದ ವರ್ಷಗಳಲ್ಲಿ ಕರ್ನಾಟಕ ಸರಕಾರವು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಒಂದು ಪ್ರತಿಯನ್ನು ಕೊಡಲಾರಂಭಿಸಿತು. ಅದುವರೆಗೆ ಗ್ರಾಮಲೆಕ್ಕಿಗರ ಚೀಲದಲ್ಲಿದ್ದ ಪುಸ್ತಕವು ಯಂತ್ರದೊಳಗೆ ಹೋಯಿತು. ಇಂದು ರಾಜ್ಯದ ಎಷ್ಟೋ ಸೇವೆಗಳ ಸರ್ವರುಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿವೆ. ಹೀಗಾಗಿ ಸಿರುಗುಪ್ಪದಲ್ಲಿ ನಿಂತ ರೈತನ ಪ್ರಶ್ನೆಗೆ ಉತ್ತರ ಬರಬೇಕಾದರೆ ಮೂರು ಸಂಗತಿಗಳು ನೆಟ್ಟಗಿರಬೇಕು: ಇಲ್ಲಿಯ ಯಂತ್ರ, ನಡುವಣ ತಂತಿ, ಅಲ್ಲಿಯ ಸರ್ವರ್. "ಸರ್ವರ್ ಇಲ್ಲ" ಎಂಬ ಒಂದೇ ಮಾತಿನಲ್ಲಿ ಈ ಮೂರರ ದೋಷವನ್ನೂ ಸೇರಿಸಿಬಿಡುವುದು ನಮ್ಮ ರೂಢಿ. ಈ ಲೇಖನದಲ್ಲಿ ಮೂರನೆಯದನ್ನು ಮಾತ್ರ ಎತ್ತಿಕೊಂಡಿದ್ದೇನೆ.

2. ಕಪ್ಪು ತೆರೆಯ ಹಿನ್ನೆಲೆ

ಪರದೆಯಿಲ್ಲದ ಯಂತ್ರದ ಸಂಗಡ ಮಾತನಾಡುವುದು ಹೇಗೆ? ನಮ್ಮ ಎದುರಿನ ಯಂತ್ರದಲ್ಲಿ ಕಪ್ಪು ತೆರೆಯೊಂದನ್ನು ತೆರೆದು, ಒಂದು ಸಾಲು ಆಜ್ಞೆಯನ್ನು ಟೈಪು ಮಾಡಿ ಕಳುಹಿಸುತ್ತೇವೆ. ಅದು ಸಾಲುಗಳಲ್ಲಿಯೇ ಉತ್ತರ ಕೊಡುತ್ತದೆ. ಇದಕ್ಕೆ ಕಮಾಂಡ್ ಲೈನ್ ಎನ್ನುವರು. ಚಿತ್ರವಿಲ್ಲ, ಬಣ್ಣವಿಲ್ಲ, ಅಂಚೆಯ ತಂತಿ ಸುದ್ದಿಯಂತೆ ಬರಿಯ ಅಕ್ಷರಗಳು.

ಈ ಪದ್ಧತಿಗೆ ದೊಡ್ಡ ಪರಂಪರೆಯೇ ಇದೆ. 1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಎಂಬವರು ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಕಟ್ಟತೊಡಗಿದರು. ಅದೇ ಮಾದರಿಯಲ್ಲಿ 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಲಿನಕ್ಸನ್ನು ಬರೆದನು. ಆಗ ಅವನಿಗೆ 21 ವರ್ಷ, ಎಂದರೆ ಹೆಚ್ಚು ಕಡಿಮೆ ನಮ್ಮ ವಯಸ್ಸು! ಅವನು ಅದನ್ನು ಮಾರಲಿಲ್ಲ, ಎಲ್ಲರಿಗೂ ಹಂಚಿದನು. ಜಗತ್ತಿನ ಅತ್ಯಂತ ಬಲಿಷ್ಠ 500 ಗಣಕಯಂತ್ರಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಈಚೆಗೆ ಪ್ರತಿಯೊಂದೂ ಲಿನಕ್ಸನ್ನೇ ನಡೆಸುತ್ತಿದೆ. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ಯಾರಂಭ ಮಾಡಿದ 'ಪರಮ್ ಪ್ರವೇಗ' ಎಂಬ ಮಹಾಗಣಕವೂ ಲಿನಕ್ಸ್ ಯಂತ್ರವೇ. ಕಾಲೇಜಿನ ಹಳೆಯ ಯಂತ್ರದಲ್ಲಿ ಕಲಿತ ಆಜ್ಞೆಗಳೇ ಅಲ್ಲಿಯೂ ನಡೆಯುತ್ತವೆ. ಬಡವನಿಗೂ ಬಲ್ಲಿದನಿಗೂ ವಿದ್ಯೆ ಒಂದೇ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕೆ?

ಒಂದು ಸೂಚನೆ: ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ಯಂತ್ರದಲ್ಲಿ ಟೈಪು ಮಾಡುವಾಗ ಅವನ್ನು ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿಯೇ ಬರೆಯಬೇಕು. ದೊಡ್ಡ ಅಕ್ಷರವನ್ನು ಚಿಕ್ಕದೆಂದು ಯಂತ್ರವು ಒಪ್ಪುವುದಿಲ್ಲ.

3. ಪ್ರೊಸೆಸರಿನ ಪರೀಕ್ಷೆ

ನಮ್ಮ ಕಡೆಯ ಸುಗ್ಗಿಯನ್ನು ನೆನಪಿಗೆ ತಂದುಕೊಂಡರೆ ಯಂತ್ರದ ಒಳಗು ಸುಲಭವಾಗಿ ತಿಳಿಯುತ್ತದೆ. ಕಾಳನ್ನು ಬಹುಕಾಲ ಇಡುವ ಸ್ಥಳ ಹಗೇವು, ಅದೇ ಡಿಸ್ಕ್. ಕೆಲಸಕ್ಕಾಗಿ ಕಾಳನ್ನು ಹರಡುವ ಸ್ಥಳ ಕಣ, ಅದೇ ಮೆಮೊರಿ. ಕಣದಲ್ಲಿ ನಿಂತು ಕೇರುವ, ಅಳೆಯುವ ಆಳುಗಳು ಪ್ರೊಸೆಸರಿನ ಕೋರುಗಳು. ಆಳು ಹಗೇವಿನೊಳಗೆ ಇಳಿದು ಕೇರಲಾರನು. ಕಾಳು ಮೊದಲು ಕಣಕ್ಕೆ ಬರಬೇಕು. ಹಾಗೆಯೇ ಡಿಸ್ಕಿನಲ್ಲಿರುವ ಪಹಣಿಯು ಮೆಮೊರಿಗೆ ಬಂದ ಮೇಲೆಯೇ ಪ್ರೊಸೆಸರಿಗೆ ಸಿಕ್ಕುತ್ತದೆ.

ಆಳುಗಳೆಷ್ಟು ಎಂದು ಕೇಳುವ ಆಜ್ಞೆಯೇ 'ಎಲ್‌ಎಸ್‌ಸಿಪಿಯು'. ಈ ಐದು ಅಕ್ಷರಗಳನ್ನು ಬಿಡುವಿಲ್ಲದೆ ಬರೆದು ಎಂಟರ್ ಒತ್ತಿದರೆ ಯಂತ್ರವು ಒಂದು ಪಟ್ಟಿಯನ್ನು ಕೊಡುತ್ತದೆ. ಪಟ್ಟಿ ಉದ್ದವಾದರೂ ನಾವು ನೋಡಬೇಕಾದ ಸಾಲುಗಳು ಕೆಲವೇ. 'ಮಾಡೆಲ್ ನೇಮ್' ಎಂಬಲ್ಲಿ ತಯಾರಕರ ಹೆಸರೂ ಮಾದರಿಯೂ ಇರುತ್ತವೆ. 'ಸಾಕೆಟ್' ಎಂಬುದು ಹಲಗೆಯ ಮೇಲೆ ಕೂರಿಸಿದ ಪ್ರೊಸೆಸರ್ ಬಿಲ್ಲೆಗಳ ಸಂಖ್ಯೆ. 'ಕೋರ್ಸ್ ಪರ್ ಸಾಕೆಟ್' ಎಂಬುದು ಒಂದೊಂದು ಬಿಲ್ಲೆಯೊಳಗಿನ ಆಳುಗಳ ಸಂಖ್ಯೆ. 'ಥ್ರೆಡ್ಸ್ ಪರ್ ಕೋರ್' ಎಂಬುದು ಒಬ್ಬೊಬ್ಬ ಆಳು ಹಿಡಿದಿರುವ ಮೊರಗಳ ಸಂಖ್ಯೆ. ಈ ಮೂರನ್ನೂ ಗುಣಿಸಿದರೆ ಪಟ್ಟಿಯ ಮೇಲುಭಾಗದಲ್ಲಿರುವ 'ಸಿಪಿಯು' ಸಾಲಿನ ಸಂಖ್ಯೆ ಬರುತ್ತದೆ. ಸಾಕೆಟ್ 1, ಕೋರ್ 4, ಥ್ರೆಡ್ 2 ಆದರೆ ಸಿಪಿಯು 8.

ಇಲ್ಲೊಂದು ಸೂಕ್ಷ್ಮವಿದೆ. 8 ಎಂದು ತೋರಿಸಿದ ಮಾತ್ರಕ್ಕೆ ಎಂಟು ಆಳಿನ ಬಲ ಇದೆಯೆಂದು ತಿಳಿಯಬಾರದು. ಇರುವ ಆಳುಗಳು ನಾಲ್ವರೇ. ಒಂದು ಮೊರಕ್ಕೆ ಕಾಳು ಬರುವ ತನಕ ಸುಮ್ಮನಿರದೆ ಇನ್ನೊಂದು ಮೊರವನ್ನು ಕೇರುವ ಚತುರ ಆಳಿನಂತೆ, ಒಂದು ಕೋರು ಎರಡು ಕೆಲಸಗಳನ್ನು ಹಿಡಿದುಕೊಂಡಿರುತ್ತದೆ. ಬಿಡುವಿನ ವೇಳೆ ಉಳಿಯುತ್ತದೆ ನಿಜ. ಆದರೆ ಬಲ ಇಮ್ಮಡಿಯಾಗುವುದಿಲ್ಲ. ಸರ್ವರನ್ನು ಕೊಳ್ಳುವವರು ಈ ಸಾಲನ್ನು ನೋಡದೆ ಸಿಪಿಯು ಸಂಖ್ಯೆಯನ್ನು ಮಾತ್ರ ನೋಡಿದರೆ ಮೋಸಹೋಗುವ ಸಂಭವವುಂಟು.

ವೇಗವನ್ನು ಗಿಗಾಹರ್ಟ್ಸ್ ಎಂಬ ಮಾನದಲ್ಲಿ ಹೇಳುವರು. 1 ಗಿಗಾಹರ್ಟ್ಸ್ ಎಂದರೆ ಒಂದು ಸೆಕೆಂಡಿಗೆ 100 ಕೋಟಿ ಮಿಡಿತಗಳು. ನಮ್ಮ ನಾಡಿಯು ಒಂದು ನಿಮಿಷಕ್ಕೆ 72 ಸಲ ಮಿಡಿಯುವುದೆಂಬುದನ್ನು ಇದರೊಡನೆ ಹೋಲಿಸಿ ನೋಡಿರಿ! 'ಎಲ್ ಒಂದು', 'ಎಲ್ ಎರಡು', 'ಎಲ್ ಮೂರು' ಎಂಬ ಕ್ಯಾಶ್ ಸಾಲುಗಳು ಆಳಿನ ಕೈಯೆಟುಕಿನಲ್ಲಿರುವ ಬುಟ್ಟಿಗಳಿದ್ದಂತೆ. ಹತ್ತಿರದ ಬುಟ್ಟಿ ಚಿಕ್ಕದು, ಬೇಗ ಸಿಕ್ಕುವುದು. ದೂರದ್ದು ದೊಡ್ಡದು, ಸಿಕ್ಕಲು ತಡ.

ಸಂಖ್ಯೆಯೊಂದೇ ಸಾಕೆನ್ನುವವರಿಗೆ 'ಎನ್‌ಪ್ರೊಕ್' ಎಂಬ ಆಜ್ಞೆಯಿದೆ. ನಮ್ಮ ಕೆಲಸಕ್ಕೆ ಒದಗುವ ಸಿಪಿಯುಗಳೆಷ್ಟು ಎಂದು ಅದು ಒಂದೇ ಅಂಕಿಯಲ್ಲಿ ಹೇಳಿ ಮುಗಿಸುತ್ತದೆ. ವಿವರ ಬೇಕೆನ್ನುವವರು 'ಕ್ಯಾಟ್' ಎಂದು ಬರೆದು ಒಂದು ಜಾಗ ಬಿಟ್ಟು, 'ಪ್ರೊಕ್' ಎಂಬ ಕೋಶದಲ್ಲಿರುವ 'ಸಿಪಿಯುಇನ್ಫೋ' ಎಂಬ ಕಡತವನ್ನು ಕೇಳಬಹುದು. ಅಲ್ಲಿ ಪ್ರತಿಯೊಂದು ಸಿಪಿಯುವಿಗೂ ಒಂದೊಂದು ಭಾಗವಿರುತ್ತದೆ. ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ. ಸೋಜಿಗವೇನೆಂದರೆ ಈ ಕಡತವು ಡಿಸ್ಕಿನಲ್ಲಿ ಎಲ್ಲಿಯೂ ಇಲ್ಲ! ನಾವು ಕೇಳಿದ ಕ್ಷಣದಲ್ಲಿ ಲಿನಕ್ಸಿನ ತಿರುಳು ಅದನ್ನು ಬರೆದುಕೊಡುತ್ತದೆ. ಯಂತ್ರದ ಸ್ಥಿತಿಯನ್ನೇ ಓದಬಲ್ಲ ಕಡತವಾಗಿ ಮುಂದಿಡುವುದು ಯುನಿಕ್ಸ್ ಸಂಪ್ರದಾಯದ ದೊಡ್ಡ ಗುಣ.

4. ಮೆಮೊರಿಯ ಪರೀಕ್ಷೆ

ಇದೇ ಈ ಲೇಖನದ ಮುಖ್ಯಭಾಗ. ಇಲ್ಲಿಯೇ ಬಹುಮಂದಿ ಎಡವುವುದು.

ಮೊದಲು ಪ್ರಮಾಣದ ಅರಿವಿಗಾಗಿ ಒಂದು ಮಾತು. 1960ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿದ ಗಣಕಯಂತ್ರ ಕಾರ್ಯಾರಂಭ ಮಾಡಿತು. ಮುಂದೆ ಅದಕ್ಕೆ ಟಿಫ್ರಾಕ್ ಎಂದು ಹೆಸರಾಯಿತು. ಅದರ ಮೆಮೊರಿಯಲ್ಲಿ ತಲಾ 40 ಬಿಟ್ಟಿನ 2048 ಪದಗಳಿಗೆ ಸ್ಥಳವಿತ್ತು. ಲೆಕ್ಕ ಹಾಕಿದರೆ ಅದು 10 ಕಿಲೊಬೈಟ್ ಆಗುತ್ತದೆ. ಇಂದಿನ ಸಾಧಾರಣ ಸರ್ವರಿನಲ್ಲಿ 16 ಗಿಗಾಬೈಟ್ ಇದ್ದರೆ ಅದು ಟಿಫ್ರಾಕಿನ ಸುಮಾರು 16 ಲಕ್ಷ ಪಾಲಿಗಿಂತಲೂ ಹೆಚ್ಚು. ಅಷ್ಟಿದ್ದೂ ಮೆಮೊರಿ ಸಾಲದೆಂಬ ದೂರು ತಪ್ಪಿಲ್ಲ!

ಮೆಮೊರಿಯನ್ನು ನೋಡಲು 'ಫ್ರೀ' ಎಂಬ ಆಜ್ಞೆಯಿದೆ. ಅದರ ಮುಂದೆ ಒಂದು ಜಾಗ ಬಿಟ್ಟು, ಅಡ್ಡಗೆರೆಯೊಡನೆ 'ಎಚ್' ಅಕ್ಷರವನ್ನು ಸೇರಿಸಿದರೆ ಮನುಷ್ಯರಿಗೆ ಓದಲು ಸುಲಭವಾದ ಅಂಕಿಗಳು ಬರುತ್ತವೆ; 'ಎಮ್' ಸೇರಿಸಿದರೆ ಎಲ್ಲವೂ ಮೆಗಾಬೈಟ್ ಲೆಕ್ಕದಲ್ಲಿ ಬರುತ್ತವೆ. ಉತ್ತರದಲ್ಲಿ ಎರಡು ಸಾಲುಗಳು, ಒಂದು ಮೆಮೊರಿಗೆ, ಇನ್ನೊಂದು ಸ್ವಾಪ್ ಎಂಬುದಕ್ಕೆ. ಮೆಮೊರಿಯ ಸಾಲಿನಲ್ಲಿ ಆರು ಅಂಕಿಗಳಿರುತ್ತವೆ: ಒಟ್ಟು, ಬಳಸಿದ್ದು, ಬರಿದು, ಹಂಚಿಕೊಂಡದ್ದು, ಬಫರ್-ಕ್ಯಾಶ್ ಮತ್ತು ಲಭ್ಯ.

ಒಂದು ಯಂತ್ರವು ಮೆಗಾಬೈಟಿನಲ್ಲಿ ಹೀಗೆ ತೋರಿಸಿತೆನ್ನಿ: ಒಟ್ಟು 15,800, ಬರಿದು 400, ಬಫರ್-ಕ್ಯಾಶ್ 11,200, ಲಭ್ಯ 10,900. ಬರಿದು ಎಂಬಲ್ಲಿ 400ನ್ನು ಕಂಡ ಕೂಡಲೆ, "ಅಯ್ಯೋ, ಮೆಮೊರಿ ಮುಗಿಯಿತು, ಹೊಸದು ತರಿಸಿರಿ" ಎಂದು ಹೇಳುವವರೇ ಬಹಳ. ಅದು ಸರಿಯಲ್ಲ. ಲಿನಕ್ಸಿನ ದೃಷ್ಟಿಯಲ್ಲಿ ಬರಿದಾಗಿ ಬಿದ್ದ ಮೆಮೊರಿಯು ವ್ಯರ್ಥವಾದ ಮೆಮೊರಿ. ಕಣದಲ್ಲಿ ಜಾಗ ಇರುವ ತನಕ ಹಗೇವಿನಿಂದ ತಂದ ಕಾಳನ್ನು ಅದು ಅಲ್ಲಿಯೇ ಇಟ್ಟುಕೊಂಡಿರುತ್ತದೆ. ಮತ್ತೆ ಯಾರಾದರೂ ಅದನ್ನೇ ಕೇಳಿದರೆ ಹಗೇವಿಗೆ ಇಳಿಯುವ ಶ್ರಮ ತಪ್ಪಲೆಂದು. ಆದರೆ ಹೋಲಿಕೆಗೂ ಒಂದು ಮಿತಿಯುಂಟು: ಕಣಕ್ಕೆ ಬಂದ ಕಾಳು ಹಗೇವಿನಲ್ಲಿ ಉಳಿಯದು, ಇಲ್ಲಿಯಾದರೋ ಮೆಮೊರಿಗೆ ಬರುವುದು ನಕಲು ಮಾತ್ರ, ಮೂಲವು ಡಿಸ್ಕಿನಲ್ಲಿಯೇ ಇರುತ್ತದೆ. ಆದಕಾರಣ ಹೊಸ ಕೆಲಸ ಬಂದಾಗ ಈ ನಕಲುಗಳನ್ನು ಗುಡಿಸಿ ಜಾಗ ಮಾಡಿಕೊಡಲು ಅಡ್ಡಿಯಿಲ್ಲ. ಬಫರ್-ಕ್ಯಾಶ್ ಎಂಬುದು ಇದೇ.

ಹಾಗಾದರೆ ನಿಜವಾಗಿ ಎಷ್ಟು ಮೆಮೊರಿ ಒದಗಬಲ್ಲದು? ಅದನ್ನು ಹೇಳುವುದೇ ಕೊನೆಯ ಅಂಕಿ, ಲಭ್ಯ. 2014ರಲ್ಲಿ ಬಂದ ಲಿನಕ್ಸ್ 3.14ನೆಯ ಆವೃತ್ತಿಯಿಂದ ತಿರುಳೇ ಈ ಅಂದಾಜನ್ನು ಮಾಡಿಕೊಡುತ್ತಿದೆ. ಬರಿದನ್ನೂ ಕ್ಯಾಶನ್ನೂ ಕೂಡಿಸಿದರೆ 11,600 ಬರಬೇಕಾದಲ್ಲಿ ಲಭ್ಯ 10,900 ಮಾತ್ರ ಏಕೆಂದು ಕೇಳಬಹುದು. ಕ್ಯಾಶಿನ ಸ್ವಲ್ಪ ಭಾಗವನ್ನು ಕೂಡಲೆ ತೆರವು ಮಾಡಲು ಬಾರದು. ಅದನ್ನು ಕಳೆದೇ ಲೆಕ್ಕ ಹೇಳಿದೆ. ಇನ್ನು 'ಬಳಸಿದ್ದು' ಎಂಬ ಅಂಕಿಯನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಹಳೆಯ ಆವೃತ್ತಿಗಳಲ್ಲಿ ಅದು ಒಟ್ಟಿನಿಂದ ಬರಿದನ್ನೂ ಕ್ಯಾಶನ್ನೂ ಕಳೆದುದು. ಹೊಸ ಆವೃತ್ತಿಗಳಲ್ಲಿ ಒಟ್ಟಿನಿಂದ ಲಭ್ಯವನ್ನು ಕಳೆದುದು. ಎರಡು ಯಂತ್ರಗಳ ಬಳಕೆಯನ್ನು ಹೋಲಿಸುವಾಗ ಈ ಭೇದ ಗೊಂದಲವುಂಟುಮಾಡುತ್ತದೆ. ಲಭ್ಯದ ಅಂಕಿಯನ್ನು ಹಿಡಿದವನಿಗೆ ಗೊಂದಲವಿಲ್ಲ.

ಸ್ವಾಪ್ ಎಂದರೆ ಕಣ ತುಂಬಿದಾಗ ಕೆಲಸ ಮುಗಿಯದ ಚೀಲಗಳನ್ನು ಮತ್ತೆ ಹಗೇವಿಗೆ ಇಳಿಸುವುದು. ಸ್ವಾಪಿನಲ್ಲಿ ಸ್ವಲ್ಪ ಬಳಕೆ ಕಂಡರೆ ಗಾಬರಿಯಾಗಬೇಕಿಲ್ಲ. ಬಹುಕಾಲ ಮುಟ್ಟದ ಸಾಮಾನನ್ನು ಅಲ್ಲಿಗೆ ಸರಿಸಿರಬಹುದು. ಆದರೆ ಚೀಲಗಳು ಎಡೆಬಿಡದೆ ಇಳಿಯುತ್ತ ಏರುತ್ತ ಇದ್ದರೆ ಮಾತ್ರ ಅದು ರೋಗದ ಲಕ್ಷಣ. ಅದನ್ನು ಕಾಣಲು 'ವಿಎಮ್‌ಸ್ಟ್ಯಾಟ್' ಎಂದು ಬರೆದು, ಜಾಗ ಬಿಟ್ಟು 5 ಎಂದು ಬರೆಯಬೇಕು. ಐದೈದು ಸೆಕೆಂಡಿಗೆ ಒಂದೊಂದು ಸಾಲು ಬರುತ್ತ ಹೋಗುತ್ತದೆ. ಮೊದಲನೆಯ ಸಾಲು ಯಂತ್ರವು ಆರಂಭವಾದಂದಿನಿಂದ ಇದ್ದ ಸರಾಸರಿಯಾದುದರಿಂದ ಅದನ್ನು ಬಿಡಬೇಕು. ಉಳಿದ ಸಾಲುಗಳಲ್ಲಿ 'ಎಸ್‌ಐ', 'ಎಸ್‌ಓ' ಎಂಬ ಎರಡು ಅಂಕಣಗಳು ಸೊನ್ನೆಯಾಗಿದ್ದರೆ ಕಣದಲ್ಲಿ ಜಾಗದ ಅಭಾವವಿಲ್ಲ. ಅಭಾವವು ಮಿತಿಮೀರಿದರೆ ಲಿನಕ್ಸು ಯಾವುದಾದರೊಂದು ಕೆಲಸವನ್ನು ಬಲವಂತವಾಗಿ ಕೊಂದು ಉಳಿದವನ್ನು ಕಾಪಾಡಿಕೊಳ್ಳುತ್ತದೆ. 'ಡಿಮೆಸೇಜ್' ಎಂದು ಓದಲಾಗುವ ದಾಖಲೆಯಲ್ಲಿ ಸತ್ತ ಕೆಲಸದ ಹೆಸರನ್ನು ಬರೆದಿಡುತ್ತದೆ.

ಮೆಮೊರಿಯ ಫಲಕಗಳು ಎಷ್ಟಿವೆ, ಯಾವ ಗೂಡಿನಲ್ಲಿ ಎಷ್ಟರದು ಕುಳಿತಿದೆ, ಖಾಲಿ ಗೂಡುಗಳೆಷ್ಟು ಎಂದು ತಿಳಿಯಲು 'ಡಿಎಮ್‌ಐಡಿಕೋಡ್' ಎಂಬ ಆಜ್ಞೆಯುಂಟು. ಇದನ್ನು ಯಂತ್ರದ ಮೇಲಧಿಕಾರವುಳ್ಳವರೇ ನಡೆಸಬೇಕು. ಸಾರ್ವಜನಿಕ ಹಣದಿಂದ ಯಂತ್ರಗಳನ್ನು ಕೊಳ್ಳುವ ಎಲ್ಲ ಸಂಸ್ಥೆಗಳಿಗೂ ಇದು ಬಹಳ ಉಪಯುಕ್ತವಾದುದು. ಬಿಲ್ಲಿನಲ್ಲಿ ಬರೆದ ಫಲಕವು ಪೆಟ್ಟಿಗೆಯೊಳಗೆ ಇದೆಯೇ ಇಲ್ಲವೇ ಎಂಬುದನ್ನು ಮುಚ್ಚಳ ಬಿಚ್ಚದೆಯೇ ನೋಡಬಹುದು. ಆದರೆ 16 ಕೊಂಡಿದ್ದೇವೆ, 'ಫ್ರೀ' ಆಜ್ಞೆಯು 15 ಚಿಲ್ಲರೆ ತೋರಿಸುತ್ತಿದೆಯೆಂದು ವ್ಯಾಪಾರಿಯ ಮೇಲೆ ಹರಿಹಾಯಬಾರದು. ಯಂತ್ರಾಂಶವೂ ತಿರುಳೂ ತಮ್ಮ ಸ್ವಂತಕ್ಕೆ ಸ್ವಲ್ಪ ಭಾಗವನ್ನು ಮೊದಲೇ ತೆಗೆದಿಟ್ಟುಕೊಳ್ಳುತ್ತವೆ. 8 ತೋರಿಸಿದರೆ ಮಾತ್ರ ಕೇಳಬೇಕಾದುದೇ.

5. ಹೊರೆಯ ಲೆಕ್ಕ

ಬಲವನ್ನು ಅಳೆದುದಾಯಿತು, ಹೊರೆಯನ್ನು ಅಳೆಯುವುದು ಹೇಗೆ? 'ಅಪ್‌ಟೈಮ್' ಎಂಬ ಆಜ್ಞೆಯು ಯಂತ್ರವು ಎಷ್ಟು ದಿನಗಳಿಂದ ನಡೆಯುತ್ತಿದೆಯೆಂದು ಹೇಳಿ, ಕೊನೆಯಲ್ಲಿ ಮೂರು ಅಂಕಿಗಳನ್ನು ಕೊಡುತ್ತದೆ. ಕಳೆದ 1, 5 ಮತ್ತು 15 ನಿಮಿಷಗಳಲ್ಲಿ ಸರಾಸರಿ ಎಷ್ಟು ಕೆಲಸಗಳು ನಡೆಯುತ್ತಿದ್ದವು ಅಥವಾ ಸರದಿಯಲ್ಲಿದ್ದವು ಎಂಬುದೇ ಇವುಗಳ ಅರ್ಥ. ಈ ಅಂಕಿಯನ್ನು ಸಿಪಿಯುಗಳ ಸಂಖ್ಯೆಯೊಡನೆ ಹೋಲಿಸಬೇಕು. 8 ಸಿಪಿಯುಗಳ ಯಂತ್ರಕ್ಕೆ 4 ಎಂದರೆ ನಿರಾಳ; 2 ಸಿಪಿಯುಗಳ ಯಂತ್ರಕ್ಕೆ ಅದೇ 4 ಎಂದರೆ ಬಾಗಿಲಲ್ಲಿ ಸಾಲು ನಿಂತಿದೆಯೆಂದು ಅರ್ಥ. ಮೊದಲ ಅಂಕಿ ಕೊನೆಯದಕ್ಕಿಂತ ದೊಡ್ಡದಾಗಿದ್ದರೆ ಹೊರೆ ಏರುತ್ತಿದೆ, ಚಿಕ್ಕದಾಗಿದ್ದರೆ ಇಳಿಯುತ್ತಿದೆ.

ಕಾಲುವೆಯ ಕೊನೆಭಾಗದ ರೈತರಿಗೆ ನೀರು ಮುಟ್ಟದಿದ್ದರೆ ಕಾರಣ ಮೂರು ಬಗೆ: ಕಾಲುವೆಯೇ ಕಿರಿದಿರಬಹುದು, ಮೇಲ್ಭಾಗದಲ್ಲಿ ಯಾರೋ ಎಲ್ಲವನ್ನೂ ಎಳೆದುಕೊಳ್ಳುತ್ತಿರಬಹುದು, ಅಥವಾ ತೂಬು ಕಟ್ಟಿಕೊಂಡಿರಬಹುದು. ಸರ್ವರಿನಲ್ಲಿಯೂ ಹಾಗೆಯೇ. ಯಾರು ಎಳೆದುಕೊಳ್ಳುತ್ತಿದ್ದಾರೆಂದು ತೋರಿಸುವ ಆಜ್ಞೆ 'ಟಾಪ್'. ಅದರಲ್ಲಿ ದೊಡ್ಡಕ್ಷರದ 'ಎಮ್' ಒತ್ತಿದರೆ ಮೆಮೊರಿಯನ್ನು ಹೆಚ್ಚು ತಿನ್ನುವವರೂ, ದೊಡ್ಡಕ್ಷರದ 'ಪಿ' ಒತ್ತಿದರೆ ಪ್ರೊಸೆಸರನ್ನು ಹೆಚ್ಚು ತಿನ್ನುವವರೂ ಮೇಲೆ ಬರುತ್ತಾರೆ. ಹೊರಬರಲು 'ಕ್ಯೂ' ಒತ್ತಿದರಾಯಿತು. ತೂಬು ಕಟ್ಟಿಕೊಂಡಿದೆಯೇ ಎಂದು ತಿಳಿಯಲು ಅಲ್ಲಿಯೇ ಮೇಲ್ಗಡೆ 'ಡಬ್ಲ್ಯೂಎ' ಎಂಬ ಶೇಕಡಾ ಅಂಕಿಯಿದೆ. ಅದು ಡಿಸ್ಕಿಗಾಗಿ ಕಾಯುವುದರಲ್ಲಿ ಕಳೆದ ವೇಳೆ.

6. ಒಂದು ನಿದರ್ಶನ

ಕಳೆದ ಬೇಸಗೆಯ ರಜೆಯಲ್ಲಿ ಬಳ್ಳಾರಿಯ ಒಂದು ಲೆಕ್ಕಪತ್ರದ ಕಚೇರಿಯಲ್ಲಿ ನಾನು ಎರಡು ತಿಂಗಳು ಕೆಲಸ ಮಾಡಿದೆನು. ಅಲ್ಲಿ ಸುತ್ತಲಿನ ಅಂಗಡಿ, ಅಕ್ಕಿ ಗಿರಣಿಗಳ ಲೆಕ್ಕಗಳನ್ನು ಒಂದು ಸಣ್ಣ ಲಿನಕ್ಸ್ ಸರ್ವರಿನಲ್ಲಿ ಇಟ್ಟಿದ್ದರು. ದಿನವೂ ಹನ್ನೊಂದು ಗಂಟೆಯಾದೊಡನೆ ಎಲ್ಲವೂ ನಿಧಾನವಾಗುತ್ತಿತ್ತು. ಒಂದು ಬಿಲ್ಲು ತೆರೆಯಲು ಅರ್ಧ ನಿಮಿಷ ಹಿಡಿಯುತ್ತಿತ್ತು. ಯಂತ್ರವನ್ನು ಒದಗಿಸಿದವರು ಬಂದು ನೋಡಿ, ಬರಿದು ಎಂಬಲ್ಲಿ 400 ಇರುವುದನ್ನು ತೋರಿಸಿ, ಮೆಮೊರಿಯನ್ನು ಇಮ್ಮಡಿ ಮಾಡಬೇಕೆಂದು ಹಲವು ಸಾವಿರ ರೂಪಾಯಿಗಳ ಅಂದಾಜುಪಟ್ಟಿಯನ್ನು ಕೊಟ್ಟು ಹೋದರು.

ಮೇಲೆ ಉದಾಹರಣೆಗೆ ಕೊಟ್ಟ ಅಂಕಿಗಳು ಆ ಯಂತ್ರದವೇ. ಯಜಮಾನರ ಅಪ್ಪಣೆ ಪಡೆದು ಆಜ್ಞೆಗಳನ್ನು ಒಂದೊಂದಾಗಿ ನಡೆಸಿ ನೋಡಿದೆನು. ಲಭ್ಯ ಮೆಮೊರಿ 10,900. ಸ್ವಾಪ್ ಬಳಕೆ ಸೊನ್ನೆ. 'ಎಸ್‌ಐ', 'ಎಸ್‌ಓ' ಎರಡೂ ಸೊನ್ನೆ. ಎಂದ ಮೇಲೆ ಮೆಮೊರಿಯ ಕೊರತೆಯಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಹೊರೆಯ ಸರಾಸರಿ 9ನ್ನು ಮುಟ್ಟಿತು, ಸಿಪಿಯುಗಳು 8. ಹಾಗಾದರೆ ಪ್ರೊಸೆಸರು ಸಾಲದೇ? 'ಟಾಪ್' ಆಜ್ಞೆಯಲ್ಲಿ ನೋಡಿದರೆ ಪ್ರೊಸೆಸರಿನ ವೇಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬಿಡುವಾಗಿಯೇ ಇದೆ. 'ಡಬ್ಲ್ಯೂಎ' ಮಾತ್ರ ಶೇಕಡಾ 30ನ್ನು ಮೀರಿದೆ. ಇಲ್ಲಿಯೇ ಗುಟ್ಟು ಬಿಟ್ಟಿತು. ಲಿನಕ್ಸು ಹೊರೆಯನ್ನು ಎಣಿಸುವಾಗ ಡಿಸ್ಕಿಗಾಗಿ ಕಾದು ನಿಂತ ಕೆಲಸಗಳನ್ನೂ ಸೇರಿಸಿಯೇ ಎಣಿಸುತ್ತದೆ. ಆಳುಗಳಿಗೆ ಬಿಡುವಿತ್ತು, ಕಣದಲ್ಲಿ ಜಾಗವಿತ್ತು. ಹಗೇವಿನ ಬಾಯಲ್ಲಿ ನೂಕುನುಗ್ಗಲು!

ನೂಕುತ್ತಿದ್ದವರು ಯಾರು? ದಿನದ ಲೆಕ್ಕಗಳ ಪ್ರತಿಯನ್ನು ಇನ್ನೊಂದು ಕಡೆ ತೆಗೆದಿಡುವ ಕೆಲಸವನ್ನು ಯಾರೋ ಬೆಳಗಿನ ಹನ್ನೊಂದಕ್ಕೆ ಗೊತ್ತುಪಡಿಸಿದ್ದರು. ಅದನ್ನು ರಾತ್ರಿ ಹನ್ನೊಂದಕ್ಕೆ ಬದಲಾಯಿಸಲಾಯಿತು. ಮರುದಿನದಿಂದ ನಿಧಾನವಾಗುವುದು ನಿಂತಿತು. ಖರ್ಚು ಒಂದು ಪೈಸೆಯೂ ಇಲ್ಲ. ಅಂದಾಜುಪಟ್ಟಿ ಕೊಟ್ಟವರು ದುರುದ್ದೇಶದಿಂದ ಹಾಗೆ ಮಾಡಿದರೆಂದು ನಾನು ಹೇಳಲಾರೆ. ಆರು ಅಂಕಿಗಳಿರುವಲ್ಲಿ ಒಂದನ್ನು ಮಾತ್ರ ಓದಿದರು, ಅಷ್ಟೇ. ಆದರೆ ಆ ಹಣ ಹೋಗಿದ್ದರೆ ರೋಗ ಹಾಗೆಯೇ ಉಳಿಯುತ್ತಿತ್ತು ಎಂಬುದು ಗಮನಾರ್ಹ.

7. ಕೆಲವು ಎಚ್ಚರಿಕೆಗಳು

ಮೊದಲನೆಯದು: ಇಂದಿನ ಎಷ್ಟೋ ಸರ್ವರುಗಳು ನಿಜವಾದ ಯಂತ್ರಗಳಲ್ಲ, ಒಂದು ದೊಡ್ಡ ಯಂತ್ರವನ್ನು ಪಾಲು ಮಾಡಿ ಕೊಟ್ಟ ಕಲ್ಪಿತ ಯಂತ್ರಗಳು. ಅಲ್ಲಿ ಆಜ್ಞೆಗಳು ನಮ್ಮ ಪಾಲನ್ನು ತೋರಿಸುತ್ತವೆಯೇ ಹೊರತು ಇಡೀ ಯಂತ್ರವನ್ನಲ್ಲ. 'ಟಾಪ್' ಆಜ್ಞೆಯಲ್ಲಿ 'ಎಸ್‌ಟಿ' ಎಂಬ ಅಂಕಿ ಏರಿದ್ದರೆ ನಮಗೆ ಸಲ್ಲಬೇಕಾದ ವೇಳೆಯು ನೆರೆಯ ಪಾಲುದಾರರಿಗೆ ಹೋಗುತ್ತಿದೆಯೆಂದು ತಿಳಿಯಬೇಕು.

ಎರಡನೆಯದು: ಎಲ್ಲ ನಿಧಾನಕ್ಕೂ ಯಂತ್ರದ ಬಲಹೀನತೆಯೇ ಕಾರಣವಲ್ಲ. 2023ರ ಜೂನಿನಲ್ಲಿ ಗೃಹಜ್ಯೋತಿ ಯೋಜನೆಗೆ ಅರ್ಜಿಗಳು ಆರಂಭವಾದಾಗ ಸೇವಾಸಿಂಧುವಿನ ಮೇಲೆ ರಾಜ್ಯವೇ ಒಮ್ಮೆಗೆ ಬಂದು ಬಿದ್ದಿತು. ಅದು ನಿಜವಾದ ಜನಸಂದಣಿ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ 'ಕಾವೇರಿ 2.0' ಕುಂಠಿತವಾದಾಗ ಕಾರಣವೇ ಬೇರೆ. ಸುಳ್ಳು ಕೋರಿಕೆಗಳ ಸುರಿಮಳೆಯಿಂದ ಸರ್ವರನ್ನು ದಣಿಸುವ ದುಷ್ಟ ದಾಳಿ ಅದಾಗಿತ್ತೆಂದು ಪ್ರಕಟವಾಯಿತು. ಲಕ್ಷಣ ಒಂದೇ, ರೋಗ ಬೇರೆ, ಚಿಕಿತ್ಸೆಯೂ ಬೇರೆ.

ಮೂರನೆಯದು: ಮೇಲೆ ಹೇಳಿದ ಆಜ್ಞೆಗಳೆಲ್ಲವೂ ನೋಡುವ ಆಜ್ಞೆಗಳು, ಯಂತ್ರವನ್ನು ಬದಲಾಯಿಸುವವಲ್ಲ. ಆದರೂ ಪರರ ಸರ್ವರಿನೊಳಗೆ ಅನುಮತಿಯಿಲ್ಲದೆ ಹೊಗುವುದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43 ಮತ್ತು 66ನೆಯ ಪ್ರಕರಣಗಳಿಗೆ ಒಳಪಡುತ್ತದೆ. ಕಲಿಯುವುದಕ್ಕೆ ನಮ್ಮದೇ ಕಾಲೇಜಿನ ಯಂತ್ರ ಸಾಕು.

ಉಪಸಂಹಾರ

ಕಲಾವಿದ್ಯಾರ್ಥಿಗಳಾದ ನಮಗೆ ಇದರಿಂದೇನೆಂದು ಕೆಲವು ಮಿತ್ರರು ಕೇಳಬಹುದು. ನಮ್ಮಲ್ಲಿ ಹಲವರು ನಾಳೆ ಗ್ರಾಮ ಪಂಚಾಯತಿಗಳಲ್ಲಿ, ನಾಡಕಚೇರಿಗಳಲ್ಲಿ, ಸಹಕಾರ ಸಂಘಗಳಲ್ಲಿ ಕುಳಿತು ಜನರ ಎದುರಿಗೆ ಉತ್ತರ ಹೇಳಬೇಕಾದವರು. ಆಗ ನಮ್ಮ ಮುಂದೆ ನಿಲ್ಲುವವರು ನಮ್ಮ ತಂದೆತಾಯಿಗಳಂಥವರೇ. ಅವರಿಗೆ ನಾವು ದೈವವನ್ನು ತೋರಿಸದೆ ಕಾರಣವನ್ನು ಹೇಳುವಂತಾಗಬೇಕು. "ಇಂಥಲ್ಲಿ ತಡೆಯಾಗಿದೆ, ಇಷ್ಟು ಹೊತ್ತಿಗೆ ಸರಿಯಾಗುವುದು, ಸಂಜೆ ನಾಲ್ಕಕ್ಕೆ ಬರ್ರಿ" ಎಂದಷ್ಟು ಹೇಳಿದರೂ ಒಬ್ಬ ಬಡವನ ಒಂದು ದಿನ ಉಳಿಯುತ್ತದೆ. ಹಾಗೆ ಹೇಳಬೇಕಾದರೆ ಅಳೆಯಲು ಬರಬೇಕು. ಅಳೆಯಲು ಬೇಕಾದುದು ಬೆರಳೆಣಿಕೆಯ ಆಜ್ಞೆಗಳು ಮತ್ತು ಅವುಗಳ ಉತ್ತರವನ್ನು ಪೂರ್ತಿಯಾಗಿ ಓದುವ ತಾಳ್ಮೆ.

ಮಧ್ಯಾಹ್ನದ ಬಿಡುವಿನಲ್ಲಿ ಗಣಕಯಂತ್ರದ ಕೊಠಡಿಯನ್ನು ತೆರೆದಿಟ್ಟು, ಕೇಳಿದ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರ ಕೊಟ್ಟ ಅಧ್ಯಾಪಕರಿಗೆ ನಾನು ಋಣಿ. ಆಸಕ್ತಿಯುಳ್ಳ ಸಹಪಾಠಿಗಳು ಕಿಟಕಿಯ ಬಳಿಯ ಎರಡನೆಯ ಯಂತ್ರದಲ್ಲಿ ಈ ಆಜ್ಞೆಗಳನ್ನು ಸ್ವತಃ ನಡೆಸಿ ನೋಡಬಹುದು. ಮೊದಲು 'ಎಲ್‌ಎಸ್‌ಸಿಪಿಯು', ಆಮೇಲೆ 'ಫ್ರೀ'. ಬಂದ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು, ಒಂದೊಂದರ ಅರ್ಥವನ್ನೂ ತಮ್ಮ ಮಾತಿನಲ್ಲಿಯೇ ಬರೆಯಲಿ. ಬರೆಯಲು ಬಂದರೆ ವಿದ್ಯೆ ಕೈಗೆ ಬಂದಂತೆಯೇ.